ವಠಾರ ಏಳುವ ಮುನ್ನ ಬೇಯುವ ಮೀನು

ಬೆಳಗಿನ ಜಾವ ನಾಲ್ಕೂಕಾಲು. ಓಕಳಿಪುರಂನ ರೈಲುಹಳಿಗೆ ಬೆನ್ನು ಕೊಟ್ಟು ನಿಂತ ವಠಾರದಲ್ಲಿ ಎಂಟು ಮನೆ. ಏಳರಲ್ಲಿ ಕತ್ತಲು. ಕೊನೆಯ ಮನೆಯ ಬಾಗಿಲ ಸಂದಿಯಿಂದ ಮಾತ್ರ ಒಂದು ಕೆಂಪು ಗೆರೆ ಅಂಗಳಕ್ಕೆ ಬಿದ್ದಿದೆ. ಅದು ದೇವರ ದೀಪವಲ್ಲ, ಓವನಿನೊಳಗೆ ಕಾದು ಕೆಂಪಾದ ಕಂಬಿ. ಅದರ ಮುಂದೆ ಮಣೆ ಹಾಕಿಕೊಂಡು ಕೂತ ದ್ರೌಪದಮ್ಮ ನವಿಲುಕೋಸನ್ನು ತೆಳ್ಳಗೆ ಬಿಲ್ಲೆ ಹೆಚ್ಚಿ ತಟ್ಟೆಗೆ ಹಾಸುತ್ತಿದ್ದಾರೆ. ಬಿಲ್ಲೆಗಳ ಮೇಲೆ ಹಿಂದಿನ ಸಂಜೆಯೇ ಮಸಾಲೆ ಸವರಿಟ್ಟ ಅಂಜಲ್ ಮೀನಿನ ತುಂಡು, ಅದರ ಮೇಲೆ ಒಂದೆಸಳು ಕರಿಬೇವು, ಎಲ್ಲಕ್ಕೂ ಮೇಲೆ ಬಾಳೆಲೆಯ ಚೂರು. ಒಂದು ರೈಲು ಹೋಗುತ್ತದೆ. ಗೂಡಿನಲ್ಲಿಟ್ಟ ಲೋಟಗಳು ಗಲಗಲ ಅನ್ನುತ್ತವೆ. ಅವರು ಆ ಕಡೆ ತಿರುಗುವುದೂ ಇಲ್ಲ. ಕಣ್ಣಿರುವುದು ಗೋಡೆಯ ಗಡಿಯಾರದ ಮೇಲೆ.

"ಆರು ಗಂಟೆಗೆ ಪಕ್ಕದ್ಮನೆ ಪಿಳ್ಳಮ್ಮ ಬಕೆಟ್ಟಿಗೆ ನೀರು ಕಾಯ್ಸೋ ಕಾಯಿಲ್ ಇಳಿಸ್ತಾಳೆ. ಆರೂಕಾಲಿಗೆ ಅವಳ ಆಚೆ ಮನೆಯೋರು. ಆಮೇಲೆ ಸಾಲಾಗಿ ಎಲ್ರೂ. ಅಷ್ಟ್ರೊಳಗೆ ನಂದು ನಾಲ್ಕು ಸುತ್ತು ಮುಗೀಬೇಕು. ಮುಗೀಲಿಲ್ಲ ಅಂದ್ರೆ ಫ್ಯೂಸು ಢಮಾರ್," ಅನ್ನುತ್ತಾರೆ ದ್ರೌಪದಮ್ಮ.

ಎಂಟು ಮನೆಗೆ ಒಂದೇ ಮೀಟರು, ಅಜ್ಜನ ಕಾಲದ ವೈರು. ಓವನು ಉರಿಯುವಾಗ ಒಂದು ಕಾಯಿಲ್ ಹಾಕಿದರೂ ಇಡೀ ವಠಾರ ಕತ್ತಲು. ಹಾಗಾಗಿ ಬೆಂಗಳೂರಿನ ಹೊಟ್ಟೆ ತುಂಬಿದ ಬಡಾವಣೆಗಳ ಸಕ್ಕರೆ ಕಾಯಿಲೆಯ ಪಥ್ಯ ಬೇಯುವುದು ಓಕಳಿಪುರಂನ ಬಡವರು ಸ್ನಾನಕ್ಕೆ ಏಳುವ ಮೊದಲಿನ ಒಂದೂಮುಕ್ಕಾಲು ಗಂಟೆಯಲ್ಲಿ. ಸುತ್ತಿಗೆ ಮೂರು ಡಬ್ಬಿಯ ಮೀನು, ಇಪ್ಪತ್ತು ನಿಮಿಷ. ನಾಲ್ಕು ಸುತ್ತಿಗೆ ಹನ್ನೆರಡು. ಹನ್ನೊಂದು ಗಿರಾಕಿಗಳಿಗೆ, ಹನ್ನೆರಡನೆಯದು ಗಂಡ ಚಿಕ್ಕವೆಂಕಟಪ್ಪನವರ ಬೆಳಗಿನ ತಿಂಡಿ. ಮಲ್ಲೇಶ್ವರದ ಎಂಟನೇ ಕ್ರಾಸಿನ ಬಳಿ ಮೂವತ್ತೆಂಟು ವರ್ಷದಿಂದ ತಳ್ಳುಗಾಡಿಯಲ್ಲಿ ಸೊಪ್ಪು, ತರಕಾರಿ ಮಾರುವ ಅವರಿಗೆ ಯಾವ ಕಾಯಿಲೆಯೂ ಇಲ್ಲ. "ಕಾಯಿಲೆ ಇಲ್ದೇ ಪಥ್ಯ ತಿನ್ನೋನು ಈ ಊರಲ್ಲಿ ನಾನೊಬ್ನೇ," ಎಂದು ಅವರು ಹಲ್ಲುಜ್ಜುತ್ತ ಅಂಗಳದಿಂದಲೇ ಕೂಗುತ್ತಾರೆ. "ಏನ್ರೀ, ಮೆಲ್ಲಗೆ! ಜನ ಮಲಗವ್ರೆ," ಎಂದು ಹೆಂಡತಿ ಗದರುತ್ತಾರೆ.

ಮಾಡುವ ಅಡುಗೆಯಲ್ಲಿ ಗುಟ್ಟೇನೂ ಇಲ್ಲ. ಶುಂಠಿ, ಬೆಳ್ಳುಳ್ಳಿ, ಕೊತ್ತಂಬರಿ, ಪುದೀನ, ಮೆಣಸು, ಅರಿಶಿನ ರುಬ್ಬಿ, ನಿಂಬೆಹಣ್ಣು ಹಿಂಡಿ, ಡಬ್ಬಿಗೆ ಒಂದೇ ಚಮಚ ಎಣ್ಣೆ. ಅಕ್ಕಿಹಿಟ್ಟಿಲ್ಲ, ರವೆಯಿಲ್ಲ, ಜೋಳದ ಹಿಟ್ಟಿಲ್ಲ, ಬೆಲ್ಲವಂತೂ ಇಲ್ಲವೇ ಇಲ್ಲ. ಕೆಳಗೆ ಹಾಸುವ ನವಿಲುಕೋಸು ಮಾತ್ರ ದ್ರೌಪದಮ್ಮನೇ ಕಂಡುಕೊಂಡ ದಾರಿ. ಮೊದಮೊದಲು ಮೀನು ತಟ್ಟೆಗೆ ಅಂಟಿಕೊಂಡು ಚರ್ಮ ಅಲ್ಲೇ ಉಳಿಯುತ್ತಿತ್ತು. ಗಂಡನ ಗಾಡಿಯಲ್ಲಿ ಮಾರಾಟವಾಗದೆ ಉಳಿದ ನವಿಲುಕೋಸನ್ನು ಒಂದು ದಿನ ಮೀನಿನ ಕೆಳಗೆ ಹಾಸಿ ನೋಡಿದರು. ಅದರ ನೀರಿನ ಹಬೆಗೇ ಮೀನು ಬೆಂದು ಸಲೀಸಾಗಿ ಎದ್ದು ಬಂತು. ತಿನ್ನುವವರಿಗೆ ಅನ್ನದ ಬದಲು ಅಗಿಯಲು ಏನೋ ಸಿಕ್ಕಂತೆಯೂ ಆಯಿತು.

"ಲೋ ಕಾರ್ಬು ಅಂದ್ರೆ ಏನಿಲ್ಲ. ಮನೇಲಿ ಅಕ್ಕಿ ಮುಗಿದ ದಿನ ನಮ್ಮವ್ವ ಸಾರಿನ ಮೀನನ್ನ ಬರೀ ತಟ್ಟೆಗೆ ಹಾಕಿ ಕೊಡ್ತಿದ್ಲು. ನಾವು ಅನ್ನ ಅನ್ನ ಅಂತ ಅಳ್ತಿದ್ವಿ. ಈಗ ಅದನ್ನೇ ತಿನ್ನಿ ಅಂತ ಚೀಟಿ ಬರೆಸ್ಕೊಂಡು ಬರ್ತಾರೆ," ಎಂದು ಅವರು ನಗುತ್ತಾರೆ. ಆ ನಗು ಬಹಳ ಹೊತ್ತು ನಿಲ್ಲುವುದಿಲ್ಲ. ಎರಡನೇ ಸುತ್ತಿನ ತಟ್ಟೆ ಒಳಗೆ ಹೋಗಬೇಕು.

ಐವತ್ನಾಲ್ಕು ವರ್ಷದ ದ್ರೌಪದಮ್ಮ ಈ ಕೆಲಸಕ್ಕೆ ಬಿದ್ದು ಆರು ವರ್ಷ. ಅದಕ್ಕೆ ಮುಂಚೆ ಗಂಡನ ಗಾಡಿಯ ಪಕ್ಕದಲ್ಲೇ ಗೋಣಿಚೀಲ ಹಾಸಿ ನಿಂಬೆಹಣ್ಣು, ಹಸಿಮೆಣಸಿನಕಾಯಿ ಮಾರುತ್ತಿದ್ದರು. ವಠಾರದ ಮಾಲೀಕರು ಶ್ರೀನಿವಾಸಯ್ಯ. ಎಂಬತ್ತೆರಡು ವರ್ಷದ, ಸರ್ಕಾರಿ ಕಚೇರಿಯಲ್ಲಿ ಹೆಡ್ ಕ್ಲರ್ಕಾಗಿ ನಿವೃತ್ತರಾದ ಕಟ್ಟುನಿಟ್ಟಿನ ಮನುಷ್ಯ. ಮನೆ ಮಲ್ಲೇಶ್ವರದ ಹದಿಮೂರನೇ ಕ್ರಾಸಿನಲ್ಲಿ. ಅಲ್ಲಿಗೆ ಬಾಡಿಗೆ ಕೊಡಲು ಹೋದ ಒಂದು ದಿನ ಅವರ ಸೊಸೆ ಪ್ರಿಯಂವದಾ ಗೇಟಿನ ತನಕ ಹಿಂದೆಯೇ ಬಂದರು. ಅತ್ತ ಇತ್ತ ನೋಡಿ, ದನಿ ತಗ್ಗಿಸಿ ಕೇಳಿದರು: "ದ್ರೌಪದಮ್ಮ, ನಿಮ್ಮನೇಲಿ ಮೀನು ಮಾಡ್ತೀರಾ?"

ದ್ರೌಪದಮ್ಮ ತಕ್ಷಣ ಕೈ ಮುಗಿದರು. "ಇಲ್ಲಮ್ಮ, ಯಾವಾಗ್ಲೋ ಒಂದ್ಸಲ. ಮನೆ ಖಾಲಿ ಮಾಡಿ ಅನ್ಬೇಡಿ."

"ಅಯ್ಯೋ, ಅದಲ್ಲಾರೀ. ನಮ್ಮನೆಯವರಿಗೆ ಬೇಕು."

ನಮ್ಮನೆಯವರು ಎಂದರೆ ಶ್ರೀನಿವಾಸಯ್ಯನವರ ಮಗ ಮಧುಸೂದನ್. ಬ್ಯಾಂಕಿನಲ್ಲಿ ದೊಡ್ಡ ಮ್ಯಾನೇಜರು. ಸಕ್ಕರೆ ಏರಿ ಕಣ್ಣಿಗೆ ಬಂದಿತ್ತು. ಅನ್ನ ಬಿಡಿ, ಮೀನು ತಿನ್ನಿ, ಹುರಿದದ್ದು ಬೇಡ, ಓವನಿನಲ್ಲಿ ಬೇಯಿಸಿದ್ದು ತಿನ್ನಿ ಎಂದು ಪಥ್ಯದ ಮೇಡಂ ಬರೆದುಕೊಟ್ಟಿದ್ದರು. ಪ್ರಿಯಂವದಾ ಮದುವೆಗೆ ಅವರಣ್ಣ ಕೊಟ್ಟಿದ್ದ ಓವನೊಂದು, ಕೇಕಿಗೆ ಮೊಟ್ಟೆ ಹಾಕಬೇಕಾಗುತ್ತದೆ ಎಂಬ ಕಾರಣಕ್ಕೆ, ಇಪ್ಪತ್ತು ವರ್ಷದಿಂದ ಅಟ್ಟದಲ್ಲಿ ಕೂತಿತ್ತು. ಅದನ್ನು ಹಳೇ ಸೀರೆಯಲ್ಲಿ ಸುತ್ತಿ, ಮಾವ ಮಧ್ಯಾಹ್ನ ಮಲಗಿದ ಹೊತ್ತಿನಲ್ಲಿ, ಆಟೋದಲ್ಲಿ ಓಕಳಿಪುರಕ್ಕೆ ಸಾಗಿಸಿದ್ದಾಯಿತು. "ಹೆಣ ಸಾಗಿಸ್ದಂಗೆ ಸಾಗಿಸಿದ್ವಿ," ಎಂದು ದ್ರೌಪದಮ್ಮ ಆ ದಿನವನ್ನು ನೆನೆಯುತ್ತಾರೆ.

ಹೀಗೆ ಶುರುವಾದದ್ದು ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ, ಅದೂ ಪಿಸುಮಾತಿನಲ್ಲಿ, ಹಬ್ಬಿ ಈಗ ಹನ್ನೊಂದು ಡಬ್ಬಿ. ಒಂಬತ್ತು ಮಲ್ಲೇಶ್ವರಕ್ಕೆ, ಎರಡು ವೈಯಾಲಿಕಾವಲ್‌ಗೆ. ಡಬ್ಬಿಯ ಮೇಲೆ ಹೆಸರಿಲ್ಲ, ಬಣ್ಣದಲ್ಲಿ ಬರೆದ ಅಂಕಿ ಮಾತ್ರ. ಮಧುಸೂದನ್ ಅವರದು ನಾಲ್ಕು. ಉಳಿದ ಹತ್ತು ಹೆಸರುಗಳನ್ನು ದ್ರೌಪದಮ್ಮ ಯಾರಿಗೂ ಹೇಳುವುದಿಲ್ಲ, ಗಂಡನಿಗೂ ಕೂಡ.

ಏಳು ಗಂಟೆಗೆ ಎರಡು ಬುಟ್ಟಿ ಹಿಡಿದು ಅವರು ಹೊರಡುತ್ತಾರೆ. ಸಂಪಿಗೆ ರಸ್ತೆಯ ತನಕ ಗಂಡನ ಗಾಡಿಯಲ್ಲಿ, ಸೊಪ್ಪಿನ ಕಟ್ಟುಗಳ ಅಡಿಯಲ್ಲಿ ಡಬ್ಬಿಗಳ ಸವಾರಿ. ಅಲ್ಲಿಂದ ಕಾಲ್ನಡಿಗೆ. ಯಾವ ಮನೆಗೂ ಮುಂಬಾಗಿಲಿನಿಂದ ಹೋಗುವಂತಿಲ್ಲ. ಒಂದು ಮನೆಯಲ್ಲಿ ಹಿತ್ತಲ ತೊಳೆಯುವ ಕಲ್ಲಿನ ಮೇಲೆ ಇಡಬೇಕು. ಇನ್ನೊಂದರಲ್ಲಿ ಸ್ಕೂಟರಿನ ಡಿಕ್ಕಿಯೊಳಗೆ. ಮತ್ತೊಂದು ಮನೆಯ ಯಜಮಾನರು ವಾಕಿಂಗ್ ನೆಪದಲ್ಲಿ ಪಾರ್ಕಿನ ಬೆಂಚಿಗೆ ಬಂದು ಕೂತಿರುತ್ತಾರೆ. ಡಬ್ಬಿ ಬೆಂಚಿನ ಮೇಲಿಟ್ಟು ತಿರುಗಿ ನೋಡದೆ ನಡೆಯಬೇಕು. ಅವರ ಫೋನುಗಳಲ್ಲಿ ದ್ರೌಪದಮ್ಮನ ನಂಬರಿಗಿರುವ ಹೆಸರುಗಳೋ! ಒಬ್ಬರಲ್ಲಿ "ಪ್ರೋಟೀನ್". ಒಬ್ಬರಲ್ಲಿ "ಸೊಪ್ಪಿನವಳು". ಒಬ್ಬ ಪ್ರೊಫೆಸರ್ ಸಾಹೇಬರಂತೂ "ಗೀಸರ್ ರಿಪೇರಿ" ಎಂದು ಹಾಕಿಕೊಂಡಿದ್ದಾರೆ. ಆರು ವರ್ಷ ಇವರ ಪ್ರಾಣ ಹಿಡಿದಿಟ್ಟ ಹೆಂಗಸಿಗೆ ಇವರು ಕೊಟ್ಟ ಬಿರುದು ಇದು.

ಇನ್ನು ಗೋಡೆಯ ಕ್ಯಾಲೆಂಡರು. ಅದನ್ನೊಮ್ಮೆ ನೋಡಿದರೆ ಯಾರಿಗಾದರೂ ತಲೆ ಕೆಡುತ್ತದೆ. ಎರಡನೇ ಡಬ್ಬಿಗೆ ಸೋಮವಾರ ಆಗದು. ಐದಕ್ಕೂ ಏಳಕ್ಕೂ ಗುರುವಾರ ಆಗದು. ನಾಲ್ಕಕ್ಕೆ ಶನಿವಾರ, ಏಕಾದಶಿ ಎರಡೂ ಆಗದು. ಒಂಬತ್ತಕ್ಕೆ ಸಂಕಷ್ಟಿ ಬಿಟ್ಟರೆ ಎಲ್ಲಾ ದಿನವೂ ಆದೀತು, ಆದರೆ ಕಾರ್ತಿಕ ಮಾಸ ಪೂರ್ತಿ ಆಗದು. ಹತ್ತಕ್ಕೆ ಅತ್ತೆ ಊರಿನಲ್ಲಿದ್ದಷ್ಟು ದಿನ ಆಗದು. ಪ್ರತಿ ತಾರೀಖಿನ ಚೌಕದಲ್ಲೂ ಯಾವ ಡಬ್ಬಿ ಉಂಟು, ಯಾವುದಿಲ್ಲ ಎಂದು ಪೆನ್ಸಿಲ್ಲಿನ ಗುರುತು. ಒಂದು ಗುರುತು ತಪ್ಪಿದರೆ ಫೋನಿನಲ್ಲಿ ಸಹಸ್ರನಾಮ. "ಕಾಯಿಲೆಗೆ ಏಕಾದಶಿ ಗೊತ್ತಾಗುತ್ತಾ ಹೇಳಿ? ದಿನಾ ತಿನ್ನಿ ಅಂತ ಡಾಕ್ಟ್ರು ಹೇಳಿದ್ರೆ ಇವ್ರು ವಾರಕ್ಕೆ ನಾಲ್ಕೈದು ದಿನ ತಿಂತಾರೆ. ಆಮೇಲೆ, ದ್ರೌಪದಮ್ಮ, ನಿಮ್ ಮೀನು ಕೆಲಸ ಮಾಡ್ತಿಲ್ಲ ಕಣ್ರೀ ಅಂತಾರೆ. ನಂಗೆ ತಲೆ ಚಚ್ಕೋಬೇಕು ಅನ್ಸುತ್ತೆ."

ಮೀನನ್ನು ಹೇಗೆ ತಿನ್ನಬೇಕೆಂದೂ ಇವರಿಗೆ ತಿಳಿಯದು. ಮೊದಲ ವರ್ಷ ದ್ರೌಪದಮ್ಮ ಬಂಗುಡೆ ಕೊಡುತ್ತಿದ್ದರು. ಮಧುಸೂದನ್ ತಮ್ಮ ಡಬ್ಬಿಯನ್ನು ಮನೆಯೊಳಗೆ ತೆಗೆದುಕೊಂಡು ಹೋಗುವಂತಿಲ್ಲವಲ್ಲ, ಸ್ಯಾಂಕಿ ಕೆರೆಯ ಪಕ್ಕದ ರಸ್ತೆಯಲ್ಲಿ ಕಾರು ನಿಲ್ಲಿಸಿ, ನಾಲ್ಕೂ ಗಾಜು ಇಳಿಸಿ, ಸ್ಟೀರಿಂಗಿಗೆ ಟವೆಲ್ ಹೊದಿಸಿ ತಿನ್ನುತ್ತಿದ್ದರು. ಇಡೀ ಬಂಗುಡೆಯನ್ನು ಬದನೆಕಾಯಿ ಕಚ್ಚಿದಂತೆ ಕಚ್ಚಿದ್ದಾರೆ. ಮುಳ್ಳು ಗಂಟಲಿಗೆ ಕೂತಿದೆ. ಕೂಡಲೇ ಫೋನು.

"ದ್ರೌಪದಮ್ಮ, ಏನೋ ಚುಚ್ಕೊಂಡಿದೆ!"

"ಮುಳ್ಳು ಸಾರ್. ಹೆದರ್ಬೇಡಿ. ನಮ್ಮ ಕಡೆ ಒಂದು ಉಂಡೆ ಅನ್ನ ಅಗೀದೆ ನುಂಗ್ತೀವಿ. ಹೋಗ್ಲಿಲ್ಲ ಅಂದ್ರೆ ಸೀದಾ ಡಾಕ್ಟ್ರ ಹತ್ರ ಹೋಗಿ."

ಆ ಕಡೆಯಿಂದ, ಮುಳ್ಳು ಸಿಕ್ಕ ಗಂಟಲಿನಲ್ಲೇ: "ಅನ್ನ ನಂಗೆ ಆಗಲ್ವಲ್ಲಾ... ಒಂದು ಉಂಡೇಲಿ ಕಾರ್ಬ್ ಎಷ್ಟಿರುತ್ತೆ?"

"ಗಂಟ್ಲಲ್ಲಿ ಮುಳ್ಳಿಟ್ಕೊಂಡು ಲೆಕ್ಕ ಕೇಳ್ತಾನಲ್ಲಪ್ಪ ಈ ಮನುಷ್ಯ!" ಎಂದು ಈಗಲೂ ದ್ರೌಪದಮ್ಮ ಹಣೆ ಹಿಡಿದುಕೊಳ್ಳುತ್ತಾರೆ. ಅವತ್ತು ಡಾಕ್ಟರೇ ಮುಳ್ಳು ತೆಗೆಯಬೇಕಾಯಿತು. ಮರುದಿನದಿಂದ ಎಲ್ಲ ಡಬ್ಬಿಗೂ ಅಂಜಲ್, ಅದೂ ನಡುಮೂಳೆ ಬಿಡಿಸಿ, ಬೆರಳಿನಿಂದ ಸವರಿ ಸವರಿ ನೋಡಿದ್ದು. ಶ್ರೀರಾಮಪುರದ ಅಂಗಡಿಯಿಂದ ಸಂಜೆ ತಂದ ಎರಡೂವರೆ ಕೆಜಿ ಮೀನಿನ ಮುಳ್ಳು ಬಿಡಿಸಲು ದಿನಾ ಒಂದು ಗಂಟೆ ಹೆಚ್ಚಿನ ಕೆಲಸ.

ಗ್ಯಾಸಿನ ಮೇಲೆ ಮಾಡಬಾರದೇ ಎಂದು ಕೇಳುವವರಿದ್ದಾರೆ. ಮಾಡಿ ನೋಡಿದ್ದಾರೆ. ಕುಕ್ಕರಿನಲ್ಲಿ ಮರಳು ಹಾಕಿ ಕಾಯಿಸಿಯೂ ನೋಡಿದ್ದಾರೆ, ಮೀನು ಪುಡಿಪುಡಿಯಾಯಿತು. ಕೊನೆಗೆ ಗಿರಾಕಿಗಳನ್ನೇ ಕೇಳಿದರು. ವೈಯಾಲಿಕಾವಲಿನ ಒಂದು ಮನೆಯಲ್ಲಿ ಗೋಡೆಗೇ ಕೂರಿಸಿದ ಓವನಿದೆ. ಅದರೊಳಗೆ ದೋಸೆ ಕಾವಲಿ, ಬಾಣಲೆ ತುಂಬಿಸಿಟ್ಟಿದ್ದಾರೆ. "ಅಮ್ಮಾ, ದಿನಕ್ಕೆ ಅರ್ಧ ಗಂಟೆ ನಿಮ್ಮ ಓವನು ಕೊಡಿ, ನಿಮ್ಮ ಡಬ್ಬಿ ಇಲ್ಲೇ ಬೇಯಿಸ್ಕೊಡ್ತೀನಿ" ಎಂದಿದ್ದಕ್ಕೆ ಆ ಮನೆಯಾಕೆ ಮೂಗಿಗೆ ಸೆರಗು ಹಿಡಿದರು. "ವಾಸನೆ ಗೋಡೆಗೆ ಕೂತ್ಬಿಡುತ್ತೆ ದ್ರೌಪದಮ್ಮ." ಅಂದರೆ ಮೀನು ಇವರ ಹೊಟ್ಟೆಯೊಳಗೆ ಹೋಗಬಹುದು, ಇವರ ಓವನಿನೊಳಗೆ ಹೋಗುವಂತಿಲ್ಲ! ವಾಸನೆ ಓಕಳಿಪುರದ ಗೋಡೆಗೆ ಕೂತರೆ ಅದು ವಾಸನೆಯೇ ಅಲ್ಲ.

"ಮೀನು ತಿನ್ನದೇ ಇರೋರ ಮೇಲೆ ನಂಗೇನೂ ಸಿಟ್ಟಿಲ್ಲ. ಅದು ಅವ್ರು ನಡೆಸ್ಕೊಂಡು ಬಂದಿದ್ದು," ಅನ್ನುತ್ತಾರೆ ದ್ರೌಪದಮ್ಮ. "ತಿಂದು, ಬಾಯಿ ಒರೆಸ್ಕೊಂಡು, ನನ್ನ ಕಡೆ ನೋಡಿ ಮೂಗು ಮುಚ್ಕೋತಾರಲ್ಲ, ಅದು ಉರಿಯುತ್ತೆ."

ಕಳೆದ ತಿಂಗಳ ಮೊದಲ ವಾರ ಉರಿದದ್ದು ಫ್ಯೂಸು. ಪಿಳ್ಳಮ್ಮನ ಮಗಳು ದೀಪ್ತಿಗೆ ಅಂದು ಪರೀಕ್ಷೆ. ತಲೆಗೆ ನೀರು ಹಾಕಿಕೊಳ್ಳಬೇಕೆಂದು ಐದಕ್ಕೇ ಕಾಯಿಲ್ ಇಳಿಸಿದ್ದಾಳೆ. ಇತ್ತ ಎರಡನೇ ಸುತ್ತಿನ ಮೀನು ಓವನಿನಲ್ಲಿದೆ. ಢಮಾರ್. ವಠಾರಕ್ಕೆ ವಠಾರವೇ ಕತ್ತಲು, ನೀರಿನ ಮೋಟಾರೂ ಬಂದ್. ಈ ಸಲ ಮೀಟರ್ ಬೋರ್ಡಿನಿಂದ ಹೊಗೆಯೇ ಬಂತು.

"ಅಕ್ಕಾ, ನಿನ್ ಮೀನು ನಮ್ಮನ್ನೆಲ್ಲಾ ಸುಟ್ಟಾಕ್ಬಿಡುತ್ತೆ!" ಪಿಳ್ಳಮ್ಮ ಅಂಗಳದಲ್ಲಿ ನಿಂತು ಕೂಗಿದರು.

"ನಿನ್ ಮಗಳ ಜಡೆ ಸುಡ್ತು, ನನ್ ಮೀನಲ್ಲ."

"ಜಡೆ ತೊಳ್ಕೊಂಡ್ರೆ ಪಾಸಾಗ್ತಾಳೆ. ನಿನ್ ಮೀನು ತಿಂದು ಯಾವನು ಪಾಸಾದ?"

ಜಗಳವಾಡಿದ ಪಿಳ್ಳಮ್ಮನೇ ಅವತ್ತು ಅರೆಬೆಂದ ಮೀನನ್ನು ತಮ್ಮ ಗ್ಯಾಸಿನ ತವಾದ ಮೇಲೆ ಬೇಯಿಸಿಕೊಟ್ಟರು. ಆದರೆ ಹೊಗೆಯ ಸುದ್ದಿ ಇನ್ಯಾರಿಂದಲೋ ಮಾಲೀಕರಿಗೆ ಮುಟ್ಟಿತು. ಶ್ರೀನಿವಾಸಯ್ಯ ಫೋನು ಮಾಡಿದರು. ಕಚೇರಿಯ ಆದೇಶ ಓದಿದ ಹಾಗೆ ಒಂದೇ ಉಸಿರಿನಲ್ಲಿ ಹೇಳಿದರು: ಮೂವತ್ತನೇ ತಾರೀಖಿನೊಳಗೆ ಓವನು ಆಚೆ ಹೋಗಬೇಕು, ಇಲ್ಲವೇ ಮನೆ ಖಾಲಿಯಾಗಬೇಕು.

ದ್ರೌಪದಮ್ಮ ಅತ್ತುಕೊಂಡು ಕೂರುವ ಪೈಕಿ ಅಲ್ಲ. ಮರುದಿನವೇ ವಿದ್ಯುತ್ ಕಚೇರಿಗೆ ಹೋಗಿ ವಿಚಾರಿಸಿದರು. ದಾರಿಯಿತ್ತು. ತಮ್ಮ ಮನೆಗೊಂದು ಬೇರೆ ಮೀಟರು, ದಪ್ಪ ವೈರು, ದೊಡ್ಡ ಪ್ಲಗ್ಗು ಹಾಕಿಸಿಕೊಂಡರೆ ಯಾರ ಕಾಯಿಲ್‌ಗೂ ತೊಂದರೆಯಿಲ್ಲ. ಬಾಡಿಗೆದಾರರಾದ್ದರಿಂದ ಮಾಲೀಕರ ಒಪ್ಪಿಗೆ ಪತ್ರ ಬೇಕು, ಅಷ್ಟೇ. ಒಂದು ಹಾಳೆ, ಒಂದು ಸಹಿ. ಶ್ರೀನಿವಾಸಯ್ಯನವರನ್ನು ಕೇಳಿದರೆ, "ಎರಡೇ ಕೋಣೆ ಮನೆಗೆ ಬೇರೆ ಮೀಟರ್ ಯಾಕಮ್ಮ? ಯಾರಿಗೆ ಬೇಯಿಸಿ ಹಾಕ್ತೀಯ ಅಷ್ಟೊಂದು ಮೀನು? ನಾನೇ ಬಂದು ನೋಡ್ತೀನಿ," ಎಂದರು.

ಬಂದರು. ಒಂದು ಭಾನುವಾರ ಬೆಳಗಿನ ಐದು ಗಂಟೆಗೆ, ಮಫ್ಲರು ಸುತ್ತಿ, ಕೋಲೂರಿಕೊಂಡು. ಹಿಂದೆ ಟಾರ್ಚ್ ಹಿಡಿದು, ಕಾರು ಓಡಿಸಿಕೊಂಡು ಬಂದ ಮಗ ಮಧುಸೂದನ್.

ಹಿರಿಯರು ಹೊಸ್ತಿಲಾಚೆಯೇ ನಿಂತು ಓವನನ್ನೂ, ಸಾಲಾಗಿಟ್ಟ ಡಬ್ಬಿಗಳನ್ನೂ, ಗೋಡೆಯ ಕ್ಯಾಲೆಂಡರನ್ನೂ ಬಹಳ ಹೊತ್ತು ನೋಡಿದರು. ತಮ್ಮದೇ ಅಟ್ಟದಿಂದ ಇಳಿದು ಬಂದ ಓವನೆಂದು ಅವರಿಗೆ ಗುರುತು ಹತ್ತಲಿಲ್ಲ.

"ಎಷ್ಟು ಮನೆಗಮ್ಮ?"

"ಹನ್ನೊಂದು ಸ್ವಾಮಿ."

"ಯಾವ ಕಡೆ?"

"ನಿಮ್ ಕಡೇನೇ. ಮಲ್ಲೇಶ್ವರ, ವೈಯಾಲಿಕಾವಲ್."

ಶ್ರೀನಿವಾಸಯ್ಯ ನಕ್ಕರು. "ಅಲ್ಲಿ ಮೀನು ತಿನ್ನೋರ ಮನೆ ಹನ್ನೊಂದು ಇದ್ಯಾ! ನಂಗೆ ಗೊತ್ತಿರೋರು ಯಾರಾದ್ರೂ ಇದ್ರೆ ಹೇಳು. ಅವರನ್ನೇ ಕೇಳಿ, ನಿಜಾನಾ ಅಂತ ತಿಳ್ಕೊಂಡು, ಪತ್ರ ಬರ್ಕೊಡ್ತೀನಿ."

ಮೂರು ಅಡಿ ಹಿಂದೆ ಟಾರ್ಚು ಅಲ್ಲಾಡಿತು. ದ್ರೌಪದಮ್ಮ ಮಧುಸೂದನ್ ಮುಖ ನೋಡಿದರು. ಆ ಮನುಷ್ಯ ಜೇಬಿನಿಂದ ಫೋನು ತೆಗೆದು, ಬೆಳಗಿನ ಐದು ಗಂಟೆಗೆ, ಏನನ್ನೋ ಓದತೊಡಗಿದರು.

"ನಾನು ಹೆಸರು ಹೇಳಲ್ಲ ಸ್ವಾಮಿ," ಎಂದರು ದ್ರೌಪದಮ್ಮ. "ತಿನ್ನೋರೇ ಹೇಳ್ಕೋಬೇಕು."

"ಅಣ್ಣಾ, ತುಂಬಾ ಚಳಿ ಇದೆ. ಹೋಗೋಣ," ಎಂದರು ಮಗ, ತಂದೆಗೆ. ಕಿಟಕಿಯ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ ಪಿಳ್ಳಮ್ಮ ಜೋರಾಗಿ ಕೆಮ್ಮಿದರು.

ಐವತ್ತೊಂದು ವರ್ಷದ ಗಂಡಸು. ಕೋಟಿಗಟ್ಟಲೆ ಸಾಲಕ್ಕೆ ಸಹಿ ಹಾಕುವ ಕೈ. ಅವರ ಬಾಯಿಂದ ಒಂದು ವಾಕ್ಯ ಹೊರಡಲಿಲ್ಲ. ಕಾಯಿಲೆ ಬಂದದ್ದಕ್ಕೆ ತಿನ್ನುತ್ತೇನೆ ಎನ್ನಲು ಯಾವ ನಾಚಿಕೆ? ಆ ಒಂದು ವಾಕ್ಯಕ್ಕಾಗಿ ಒಬ್ಬ ಹೆಂಗಸು ಮನೆಯನ್ನೋ ಅನ್ನವನ್ನೋ ಕಳೆದುಕೊಳ್ಳಬೇಕು. ಈ ಊರಿನ ಮರ್ಯಾದೆ ಎಂಬುದು ಯಾವಾಗಲೂ ಇನ್ನೊಬ್ಬರ ಬೆನ್ನ ಮೇಲೆಯೇ ಕೂತು ಸವಾರಿ ಮಾಡುತ್ತದೆ.

ದ್ರೌಪದಮ್ಮ ಅವತ್ತು ಒಂದು ತೀರ್ಮಾನ ಮಾಡಿದರು. ಮಾರನೆಯ ದಿನ ಸ್ಯಾಂಕಿ ಕೆರೆಯ ಪಕ್ಕ ಕಾರಿನ ಗಾಜು ಇಳಿಯಿತು. ಕೈ ಹೊರಗೆ ಬಂತು.

"ಡಬ್ಬಿ ಇಲ್ಲ ಸಾರ್."

"ಯಾಕೆ, ಮೀನು ಬರ್ಲಿಲ್ವಾ?"

"ಬಂದಿದೆ. ನಿಮಗಿಲ್ಲ."

ಮಧುಸೂದನ್ ಕಂಗಾಲಾದರು. "ದ್ರೌಪದಮ್ಮ, ನಮ್ ತಂದೆ ಹಳೇ ಕಾಲದೋರು. ಎಂಬತ್ತೆರಡು ವರ್ಷ. ಎದೆ ಒಡೆದುಹೋಗುತ್ತೆ ಅವರಿಗೆ."

"ಅಷ್ಟೊಂದು ಹೆದರಿಕೆ ಇದ್ರೆ ಮೆತ್ತಗೆ ಹೇಳಿ ಸಾರ್. ನಾನು ಹೇಳಿದ್ರೆ ಚಾಡಿ ಆಗುತ್ತೆ. ನೀವು ಹೇಳಿದ್ರೆ ನಿಜ ಆಗುತ್ತೆ. ಹೇಳಿದ ದಿನ ಡಬ್ಬಿ ತರ್ತೀನಿ."

ಮನೆಗೆ ಬಂದು ಹೇಳಿದಾಗ ಚಿಕ್ಕವೆಂಕಟಪ್ಪ ಗಾಡಿಯ ಮೇಲೆ ಕುಸಿದು ಕೂತರು. "ಲೇ, ಗಿರಾಕಿ ಮೇಲೆ ಯಾರಾದ್ರೂ ಮುನಿಸ್ಕೋತಾರೇನೇ? ಅದೂ ಓನರ್ ಮಗನ ಮೇಲೆ?"

"ನೀವು ಕೊಳೆತ ಸೊಪ್ಪು ಗಿರಾಕಿಗೆ ಕೊಡ್ತೀರಾ?"

"ಇಲ್ಲ."

"ಹಂಗೇ. ಸುಳ್ಳಿಗೆ ನಾನು ಮೀನು ಕೊಡಲ್ಲ."

ನಾಲ್ಕನೇ ಡಬ್ಬಿ ಒಂಬತ್ತು ದಿನ ಖಾಲಿಯಾಗಿ ಕೂತಿತು. ಮಧುಸೂದನ್ ಮೂರು ದಿನ ಬರೀ ಸೌತೆಕಾಯಿ ತಿಂದರು, ನಾಲ್ಕನೆಯ ದಿನ ತಡೆಯಲಾರದೆ ಹೋಟೆಲಿಗೆ ನುಗ್ಗಿ ಸೆಟ್ ದೋಸೆ ತಿಂದರು. ಆಮೇಲೆ ದಿನಾ ತಿಂದರು. ಸಕ್ಕರೆ ಇನ್ನೂರ ಎಂಬತ್ತಕ್ಕೆ ಏರಿತು. ಪ್ರಿಯಂವದಾ ಎರಡು ಸಲ ಓಕಳಿಪುರಕ್ಕೆ ಬಂದು ಬೇಡಿಕೊಂಡರು. "ಎರಡನೇ ಸಲ ಬಂದಾಗ ಡಬ್ಬಿಗೆ ಕೈ ಹೋಗೇಬಿಟ್ಟಿತ್ತು," ಅನ್ನುತ್ತಾರೆ ದ್ರೌಪದಮ್ಮ. "ತಡ್ಕೊಂಡೆ. ಅಮ್ಮಾ, ನೀವು ಹೇಳ್ಬೇಕಾಗಿರೋದು ನಂಗಲ್ಲ, ನಿಮ್ಮ ಯಜಮಾನ್ರಿಗೆ ಅಂದೆ."

ಆಮೇಲಿನದು ಪ್ರಿಯಂವದಾ ಬಾಯಿಂದಲೇ ತಿಳಿದದ್ದು. ಇಪ್ಪತ್ತೇಳನೇ ತಾರೀಖು ಮಧ್ಯಾಹ್ನ, ಮಾವ ಮೊಸರನ್ನ ಕಲಸಿಕೊಳ್ಳುತ್ತಿದ್ದಾಗ, ಮಧುಸೂದನ್ ಎದುರಿಗೆ ಬಂದು ನಿಂತರು.

"ಅಣ್ಣಾ, ಆ ಹನ್ನೊಂದು ಜನದಲ್ಲಿ ಒಬ್ಬ ನಾನು."

ಶ್ರೀನಿವಾಸಯ್ಯ ತಲೆಯೆತ್ತಲಿಲ್ಲ. ಮೊಸರನ್ನ ಮುಗಿಸಿದರು, ಕೈ ತೊಳೆದರು, ಟವೆಲಿನಿಂದ ಒಂದೊಂದೇ ಬೆರಳು ಒರೆಸಿಕೊಂಡರು.

"ಎಷ್ಟು ವರ್ಷದಿಂದ?"

"ಆರು."

"ಎಲ್ಲಿ ಕೂತ್ಕೊಂಡು ತಿಂತೀಯ?"

"ಕಾರಲ್ಲಿ."

"ಕಾರಲ್ಲಿ!" ಎಂಬತ್ತೆರಡರ ಆ ದನಿ ಮೊದಲ ಬಾರಿಗೆ ಏರಿತು. "ರಸ್ತೇಲಿ ಕಾರು ನಿಲ್ಲಿಸ್ಕೊಂಡು ಊಟ ಮಾಡ್ತೀಯೇನೋ, ಕಳ್ಳನ ಹಾಗೆ? ನಾನೇನು ಅಷ್ಟು ಕೆಟ್ಟೋನೇನೋ ಮಧು?"

ಎದೆ ಒಡೆಯಲಿಲ್ಲ. ಮುದುಕರು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಸಂಜೆಯ ಕಾಫಿಗೂ ಬರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಆಚೆ ಬಂದು, ಗೆರೆ ಹಾಕಿದ ದೊಡ್ಡ ಹಾಳೆ ಮತ್ತು ಇಂಕ್ ಪೆನ್ನು ಕೇಳಿದರು.

ಪತ್ರ ಮರುದಿನ ಬೆಳಗ್ಗೆ ಓಕಳಿಪುರಕ್ಕೆ ಬಂತು, ಮಧುಸೂದನ್ ಕೈಯಲ್ಲೇ. ಅವರು ಮೊದಲ ಬಾರಿಗೆ ವಠಾರದೊಳಗೆ ನಡೆದು ಬಂದು, ಎಲ್ಲರೂ ನೋಡುತ್ತಿರುವಂತೆ, ಹೊಸ್ತಿಲಲ್ಲಿ ನಿಂತು ಕೊಟ್ಟರು. ಚಿಕ್ಕವೆಂಕಟಪ್ಪ ಎರಡೂ ಕೈ ಎತ್ತಿ ಮುಗಿದರು. ಏಳನೇ ಕ್ಲಾಸಿನ ತನಕ ಓದಿರುವ ದ್ರೌಪದಮ್ಮ ಕನ್ನಡಕ ಹುಡುಕಿ, ಹಾಳೆಯನ್ನು ಬೆಳಕಿಗೆ ಹಿಡಿದು, ಬೆರಳಿಟ್ಟು ಓದಿದರು. ಮುತ್ತಿನಂಥ ಕೈಬರಹ. ಸದರಿ ಬಾಡಿಗೆದಾರರಾದ ಶ್ರೀಮತಿ ದ್ರೌಪದಮ್ಮನವರು ತಮ್ಮ ವಾಸದ ಭಾಗ ಸಂಖ್ಯೆ ಎಂಟರಲ್ಲಿ ಅಡುಗೆ ಇತ್ಯಾದಿ ಕೆಲಸವನ್ನು ನಡೆಸುತ್ತಿರುವುದರಿಂದ ಪ್ರತ್ಯೇಕ ಮೀಟರ್ ಅಳವಡಿಸಲು ನನ್ನ ಯಾವುದೇ ಅಭ್ಯಂತರವಿರುವುದಿಲ್ಲ, ಎಂದಿತ್ತು.

ಬೆರಳು ಒಂದು ಕಡೆ ನಿಂತಿತು.

"ಸಾರ್, ಇತ್ಯಾದಿ ಅಂದ್ರೆ ಏನು?"

"ಅದು... ಸುಮ್ನೆ ಹಾಗೆ ಬರೀತಾರೆ ದ್ರೌಪದಮ್ಮ. ಅಡುಗೆ ಮುಂತಾದ್ದು ಅಂತ."

"ಮುಂತಾದ್ದು ಅಂದ್ರೆ?"

ದ್ರೌಪದಮ್ಮ ಹಾಳೆಯನ್ನು ಮಡಿಸಿದ ಗೆರೆಯಲ್ಲೇ ಮತ್ತೆ ಮಡಿಸಿ ಅವರ ಕೈಗಿತ್ತರು. "ನಾನು ಇತ್ಯಾದಿ ಬೇಯಿಸಲ್ಲ ಸಾರ್. ಮೀನು ಬೇಯಿಸ್ತೀನಿ. ಯಜಮಾನ್ರಿಗೆ ಹೇಳಿ, ಹಂಗೇ ಬರೀಲಿ ಅಂತ."

ಮೂವತ್ತಕ್ಕೆ ಎರಡೇ ದಿನ ಉಳಿದಿತ್ತು. ಚಿಕ್ಕವೆಂಕಟಪ್ಪ ತಲೆಯ ಮೇಲೆ ಕೈ ಹೊತ್ತು ಕೂತರು. ಬಟ್ಟೆ ಹಿಂಡುತ್ತಿದ್ದ ಪಿಳ್ಳಮ್ಮ ಓಡಿ ಬಂದು ಬೈದರು. "ಅಕ್ಕಾ, ನಿಂಗೇನು ಹುಚ್ಚಾ? ಮೀಟರ್ ಬೇಕೋ ಅಕ್ಷರ ಬೇಕೋ?"

"ಎರಡೂ ಬೇಕು ಕಣೇ. ನಾಳೆ ಯಾರೋ ಬಂದು, ಪತ್ರದಲ್ಲಿ ಮೀನಿನ ಸುದ್ದೀನೇ ಇಲ್ವಲ್ಲ, ಓವನು ಎತ್ತಮ್ಮಾ ಅಂದ್ರೆ ಆ ಇತ್ಯಾದಿ ಬರುತ್ತಾ ನನ್ ಜೊತೆ ಜಗಳ ಆಡೋಕೆ?"

ಪಿಳ್ಳಮ್ಮ ಮತ್ತೆ ಬಟ್ಟೆ ಹಿಂಡಲು ಹೋದರು. ಆ ದಿನ ಪೂರ್ತಿ ಸುದ್ದಿಯಿಲ್ಲ. ಮಾರನೆಯ ದಿನವೂ ಸಂಜೆಯ ತನಕ ಸುದ್ದಿಯಿಲ್ಲ. ದ್ರೌಪದಮ್ಮ ಎಂದಿನಂತೆ ಶ್ರೀರಾಮಪುರಕ್ಕೆ ಹೋಗಿ ಮೀನು ತಂದು, ಮುಳ್ಳು ಬಿಡಿಸಲು ಕೂತರು. ಮುಳ್ಳಿಗೊಮ್ಮೆ ಬಾಗಿಲ ಕಡೆ ನೋಡುತ್ತಿದ್ದರು ಎಂದು ಚಿಕ್ಕವೆಂಕಟಪ್ಪ ಹೇಳುತ್ತಾರೆ. ಇಲ್ಲವೇ ಇಲ್ಲ ಎನ್ನುತ್ತಾರೆ ಅವರು.

ಆರೂವರೆಗೆ ಮಧುಸೂದನ್ ಬಂದರು. ಅದೇ ಹಾಳೆ. "ಅಡುಗೆ ಇತ್ಯಾದಿ" ಎಂಬಲ್ಲಿ ಅಡಿಪಟ್ಟಿ ಹಿಡಿದು ಎಳೆದಂಥ ಒಂದು ನೇರ ಗೆರೆ. ಗೆರೆಯ ಮೇಲುಗಡೆ, ಅದೇ ಮುತ್ತಿನಂಥ ಅಕ್ಷರದಲ್ಲಿ, "ಮೀನು ಬೇಯಿಸುವ". ಪಕ್ಕದ ಅಂಚಿನಲ್ಲಿ, ಕಚೇರಿಯ ಕಾಗದದಲ್ಲಿ ತಿದ್ದುಪಡಿಯಾದರೆ ಹಾಕಲೇಬೇಕಾದ ಚಿಕ್ಕ ಸಹಿ, ತಾರೀಖಿನ ಸಮೇತ. ಜೀವಮಾನದಲ್ಲಿ ಮೀನನ್ನು ಬಾಯಿಗಿಡದ, ಮುಂದೆಯೂ ಇಡದ ಹಿರಿಯರೊಬ್ಬರು ಅದನ್ನು ಅದರ ಹೆಸರಿನಿಂದಲೇ ಕರೆದು, ಕೆಳಗೆ ಸಹಿ ಹಾಕಿದ್ದರು. ತಿನ್ನುವ ಉಳಿದ ಹತ್ತು ಮಂದಿಗೆ ಅಷ್ಟು ಮಾಡಲು ಇಂದಿಗೂ ಆಗಿಲ್ಲ.

ದ್ರೌಪದಮ್ಮ ಕೈ ತೊಳೆದುಕೊಂಡು ಬಂದು ಹಾಳೆ ತೆಗೆದುಕೊಂಡರು, ಮೀನಿನ ವಾಸನೆ ಹತ್ತಬಾರದೆಂದು. ಓದಿದರು. ಇನ್ನೊಮ್ಮೆ ಓದಿದರು. "ಬರಹ ಚೆನ್ನಾಗಿದೆ," ಎಂದರು ಅಷ್ಟೇ.

ಹೊಸ ಮೀಟರು ಬರಲು ಇನ್ನೂ ಹದಿನೈದು ದಿನ. ಅಲ್ಲಿಯ ತನಕ ನಾಲ್ಕೂಕಾಲಕ್ಕೇ ಏಳಬೇಕು, ಗಡಿಯಾರ ನೋಡುತ್ತಲೇ ಬೇಯಿಸಬೇಕು. ಮೀಟರು ಬಂದ ಮೇಲೆ ಏನು ಮಾಡಬೇಕೆಂದಿದ್ದೀರಿ ಎಂದರೆ ಅವರು ಬಹಳ ಹೊತ್ತು ಯೋಚಿಸುವುದಿಲ್ಲ.

"ಏನಿಲ್ಲ. ಬಿಸಿಲು ಬಂದ್ಮೇಲೆ ಬೇಯಿಸ್ಬೇಕು. ಬಾಗಿಲು ತೆಗೆದಿಟ್ಟು."